ಅತ್ತೆ ಕುಡಿಸಿದ ಹಾಲು

ರೀ,

ಇವತ್ತು ಅತ್ತೆಗೆ ನಮ್ಮಿಬ್ಬರ ಕಾಯಿಲೆಯ ವಿಷಯ ಹೇಳಿಬಿಟ್ಟೆ. ಹೇಳುವುದಿಲ್ಲ ಎಂದು ನೀವು ಸಾಯುವ ಮುಂಚೆ ಆಣೆ ಹಾಕಿಸಿಕೊಂಡಿದ್ದಿರಿ. ಆದರೆ ಬೇರೆ ದಾರಿ ಇರಲಿಲ್ಲ.

ಮದುವೆಗೆ ಮೊದಲೇ ಗೊತ್ತಿದ್ದೂ ನೀವು ನನಗೆ ಹೇಳಿದ್ದು ನಾನು ತುಂಬುಗರ್ಭಿಣಿಯಾದ ಮೇಲೆ. ಮಾತ್ರೆಯೂ ತಡವಾಗಿ ಶುರುವಾಯಿತು. ನನ್ನ ರಕ್ತದಲ್ಲಿ ಎಚ್‌ಐವಿ ಇನ್ನೂ ಹತೋಟಿಗೆ ಬಂದಿಲ್ಲ, ಎದೆಹಾಲು ಕೊಡಲೇಬೇಡಿ ಎಂದು ಡಾಕ್ಟರ್ ಹೇಳಿದ್ದರು. ಹಾಲೇ ಬರುತ್ತಿಲ್ಲ ಎಂದು ಅತ್ತೆಗೆ ಸುಳ್ಳು ಹೇಳಿದ್ದೆ. ಎದೆಯ ಬಟ್ಟೆ ಒದ್ದೆಯಾಗುವುದು ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ?

ನಿನ್ನೆ ಜ್ವರ ಬಂದು ಎಚ್ಚರವಿಲ್ಲದೆ ಮಲಗಿದ್ದೆ. ಬೆಳಿಗ್ಗೆ ಅತ್ತೆ ನಗುತ್ತಾ ಬಂದರು.

"ಹಾಲಿಲ್ಲ ಅಂತೀಯಲ್ಲ, ನೀನು ಮಲಗಿದ್ದಾಗ ನಾನೇ ಮಗೂನ ನಿನ್ನ ಎದೆಗೆ ಹಿಡಿದೆ. ಹೊಟ್ಟೆ ತುಂಬ ಕುಡೀತು ನಮ್ಮ ಚಿನ್ನ."

ನಾನು ಕಿರುಚಿಕೊಂಡೆ. ಹೇಳಿದ್ದು ಆಗಲೇ.

ಇಬ್ಬರೂ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಮಗಳಿಗೆ ಹುಟ್ಟಿದಾಗಿನಿಂದ ಕೊಡುತ್ತಿದ್ದ ಔಷಧಿಯ ಜೊತೆ ಇನ್ನೊಂದನ್ನು ಸೇರಿಸಿ, "ಒಂದೇ ಸಲ ಅಲ್ವಾ, ಅಪಾಯ ಕಡಿಮೆ. ಆದ್ರೂ ಪರೀಕ್ಷೆ ಆಗೋವರೆಗೆ ಏನೂ ಹೇಳೋಕಾಗಲ್ಲ, ಕೆಲವು ವಾರ ಕಾಯಬೇಕು" ಎಂದರು.

ಹೊರಗೆ ಬೆಂಚಿನ ಮೇಲೆ ಅತ್ತೆ ತಮ್ಮ ಅಂಗೈಗಳನ್ನೇ ನೋಡುತ್ತಾ ಕೂತಿದ್ದರು.

"ನನ್ನ ಕೈಯಾರೆ ಕುಡಿಸಿಬಿಟ್ಟೆನಲ್ಲೇ." ಆಮೇಲೆ ಮೆಲ್ಲಗೆ ಕೇಳಿದರು, "ಮದುವೆ ಆಗೋವಾಗ ಅವನಿಗೆ ಗೊತ್ತಿತ್ತಾ?"

"ಇಲ್ಲ ಅತ್ತೆ, ಗೊತ್ತಿರಲಿಲ್ಲ" ಎಂದೆ.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ನಿಂಗೂ ಸುಸ್ತಾಗಿದೆ, ಮಗೂನ ಇಲ್ಲಿ ಕೊಡು" ಎಂದು ಕೈ ಚಾಚಿದವರು, ತಮ್ಮ ಅಂಗೈಗಳನ್ನು ಮತ್ತೆ ನೋಡಿ, ಮುಟ್ಟದೆ ಹಿಂದಕ್ಕೆ ಎಳೆದುಕೊಂಡರು.