ಸವೆಯದ ಮಂಡಿ

ಆಗಸ್ಟ್ ೧೨, ಮಂಗಳವಾರ. ಹೊಸನಗರ.

ಆ ಮಂಡಿ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ಬಸದಿಯ ಪದ್ಮಾಸನದ ಕಂಚಿನ ಜಿನಬಿಂಬ ಪಾಲಿಶ್ ಆಗಿ ವಾಪಸ್ ಬಂದಿದೆ. ಅಭಿಷೇಕಕ್ಕೆ ಎತ್ತುವಾಗ ಅರ್ಚಕರು ತಲೆಮಾರುಗಳಿಂದ ಹಿಡಿಯುತ್ತಿದ್ದುದು ಅದರ ಮಂಡಿಗಳನ್ನೇ. ಅಲ್ಲಿ ಹೆಬ್ಬೆರಳು ಕೂರುವಷ್ಟು ಗುಳಿ ಬಿದ್ದಿತ್ತು. ಹೋದ ವರ್ಷ ನಾನೇ ಮುಟ್ಟಿ ನೋಡಿದ್ದೆ. ಇಂದು ಮಂಡಿ ದುಂಡಗಿದೆ. ಉಜ್ಜಿದರೆ ಲೋಹ ಸವೆಯುತ್ತದೆಯೇ ಹೊರತು ಬೆಳೆಯುವುದಿಲ್ಲ. ಗುಳಿ ತುಂಬಿಸಿದ್ದಾರೆ ಎನ್ನೋಣವೆಂದರೆ ಬೆಸುಗೆಯ ಗುರುತೂ ಇಲ್ಲ.

ಆ ಪಾಲಿಶ್‌ನವನು ಏನು ಓದಿದ್ದಾನೆ ಎಂದು ಬಿಂಬ ಕಳಿಸುವಾಗಲೇ ಕೇಳಿದ್ದೆ. ಬಸದಿ ಟ್ರಸ್ಟಿನ ಧರಣೇಂದ್ರಯ್ಯ ನಕ್ಕಿದ್ದರು. "ಓದು ಎಂತಕ್ಕೆ ಮೇಡಂ? ಕೈ ಪಳಗಿದ್ರೆ ಸಾಕು."

ಇಂದು ಅವರೇ ಕಾಗದ ಮುಂದಿಟ್ಟರು. "ಹಳೇ ವಿಗ್ರಹಗಳ ಕನ್ಸರ್ವೇಶನ್‌ನಲ್ಲಿ ಎಂ.ಎ. ಮಾಡಿದವ್ರು ಇಲ್ಲಿ ನೀವೊಬ್ರೇ. ಇದು ಅದೇ ಮೂರ್ತಿ ಅಂತ ಒಂದು ಸೈನ್ ಹಾಕಿ."

ಅದೇ ಮೂರ್ತಿಯಂತೆ! ಅಲ್ಲ ಎಂದು ಯಾರು ಹೇಳಿದ್ದರು?

ನಾಳೆ ನೋಡೋಣ ಎಂದು ಎದ್ದೆ. ಅಷ್ಟರಲ್ಲಿ ಅರ್ಚಕ ಪದ್ಮಯ್ಯನವರು ಬಿಂಬವನ್ನು ಒಳಗೊಯ್ಯಲು ಬಂದರು. ನನ್ನ ಮುಖ ನೋಡಲಿಲ್ಲ. ಸೀದಾ ಪೀಠದ ಅಡಿಗೆ ಕೈಹಾಕಿ ಎತ್ತಿಕೊಂಡು ಹೋದರು. ಜೀವಮಾನವಿಡೀ ಮಂಡಿ ಹಿಡಿದೇ ಎತ್ತಿದ ಕೈ, ಇಂದು ಅತ್ತ ಹೋಗಲೇ ಇಲ್ಲ.