ಕ್ರೌಂಚಗಳು ದುರುಗುಟ್ಟಿದ ಚಿತ್ರ

ಅಕ್ಕಾ, ಬಣ್ಣದ ಕೋಣೆಯಲ್ಲಿ ನೆರೆದಿರುವ ನಮ್ಮ ನಾಟಕ ಮಂಡಳಿಯ ಸಮಸ್ತರೇ, ಕೇಳಿರಿ!

"ನಿಂದೇ ಅನ್ನೋ ಒಂದು ಫೋಟೋ ತೋರ್ಸು, ಇಲ್ದಿದ್ರೆ ವಾಪಸ್ ನಾಟಕಕ್ಕೇ ಹೋಗು" ಎಂದಿದ್ದರು ನನಗೆ ಛಾಯಾಗ್ರಹಣ ಕಲಿಸುವ ಗುರು ಕುರಮಿತ್ಸು. ಇಂದು ಹೊಕ್ಕೈಡೊದ ಹಿಮದಲ್ಲಿ, ಸೇತುವೆಯ ಮೇಲೆ ನಲವತ್ತು ಛಾಯಾಗ್ರಾಹಕರು ಉಸಿರು ಬಿಗಿಹಿಡಿದು ನಿಂತಿದ್ದೆವು. ಕೆಳಗೆ ಹೊಳೆಯಲ್ಲಿದ್ದ ಹನ್ನೊಂದು ಕ್ರೌಂಚಗಳಲ್ಲಿ ಒಂದು ಕುಣಿದು, ರೆಕ್ಕೆ ಬಿಚ್ಚಿ ನಿಂತಿತು. ಅದು ಸಾಕ್ಷಾತ್ ರಂಗದ ಮೇಲಿನ ಅಪ್ಪನ ಭಂಗಿ! ನಮ್ಮ ಪ್ರೇಕ್ಷಕರು ಕೂಗುವಂತೆಯೇ ಮನೆತನದ ಹೆಸರು ಹಿಡಿದು "ಮಿನೇಯಾ!" ಎಂದು ಗರ್ಜಿಸಿಬಿಟ್ಟೆ. ಹನ್ನೊಂದು ಕ್ರೌಂಚಗಳೂ ತಿರುಗಿ ನನ್ನನ್ನೇ ದುರುಗುಟ್ಟಿದವು. ಕ್ಲಿಕ್ಕಿಸಿದೆ.

"ನಿನ್ನ ಗಂಟ್ಲು ಬಿದ್ದೋಗ!" ಎಂದು ಪಕ್ಕದ ಅಜ್ಜಿ ತಿವಿದರು.

ಗುರುಗಳು ಚಿತ್ರ ನೋಡಿ ಬಿದ್ದುಬಿದ್ದು ನಕ್ಕರು. "ಹಕ್ಕಿಗಳ ಹತ್ರ ಬೈಸ್ಕೊಂಡಿದೀಯಲ್ಲೋ! ಇದು ನಿಂದೇ ಕಣೋ. ಇರು ಇಲ್ಲೇ."

ಕಿವಿ ಮರಗಟ್ಟಿವೆ, ಉಣ್ಣೆಟೋಪಿ ಕಳಿಸು. ಸೇತುವೆಯ ಮಂದಿ ನನ್ನನ್ನು ಓಡಿಸಿದ್ದಾರೆ. ನಾಳೆ ಬೆಳಗ್ಗೆ ಕಾಡಿಗೆ ಹೋಗಿ ನರಿಯೊಂದಕ್ಕೆ ಜಯಕಾರ ಹಾಕುವವನಿದ್ದೇನೆ!