ಮುನ್ನೂರು ರೂಪಾಯಿ ಕೇಳಿ, ಶಿವಲೀಲಾ ಅವರೇ

ಕುಮುದ್ವತಿ ದಂಡೆ,
ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ, ೨೩೧೮

ರಾಣೆಬೆನ್ನೂರಿನ ಶಿವಲೀಲಾ ಬಡಿಗೇರ ಅವರಿಗೆ,

ಮೇಲಿನ ತಾರೀಖು ನೋಡಿ, ಯಾರೋ ತಮಾಷೆ ಮಾಡುತ್ತಿದ್ದಾರೆಂದು ಈ ಹಾಳೆಯನ್ನು ಮುದುರಿ ಎಸೆಯಬೇಡಿ. ಎಲ್ಲ ತಿಂಗಳಿಗೂ ಇಪ್ಪತ್ತೆಂಟೇ ದಿನ ಇರಲಿ ಎಂದು ನಮ್ಮ ಹಿರಿಯರು ಇನ್ನೊಂದು ತಿಂಗಳನ್ನು ಸೇರಿಸಿದರು. ಆದರೂ ಇವತ್ತು ಯಾವ ತಾರೀಖು ಎಂದು ಪಕ್ಕದವರನ್ನು ಕೇಳುವ ಅಭ್ಯಾಸ ಮಾತ್ರ ಹೋಗಿಲ್ಲ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಪುಸ್ತಕಗಳಿಂದ ಕಲಿತೆ, ಮಾತನ್ನು ನಿಮ್ಮಿಂದಲೇ ಕಲಿತೆ. ನನ್ನ ಹೆಸರು ಮೇದಿನಿ. ಶಾಲೆಯಲ್ಲಿ ನೋವುಮಾತು ಎಂಬ ಪಾಠ ಹೇಳುತ್ತೇನೆ. ಹಿಂದಂಚೆ, ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ತಲುಪಿಸುವ ನಮ್ಮ ಅಂಚೆ, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದಕ್ಕೆ ಅವಕಾಶ ಕೊಡುತ್ತದೆ. ಯುದ್ಧ ತಪ್ಪಿಸುತ್ತೇನೆ, ಸಾಮ್ರಾಜ್ಯ ಉಳಿಸುತ್ತೇನೆ ಎನ್ನುವವರ ಅರ್ಜಿಗಳನ್ನು ಅವರು ಓದುವುದೂ ಇಲ್ಲ. ನನ್ನ ಅರ್ಜಿಯಲ್ಲಿ ಒಂದು ಹವ್ಯಾಸದ ಪಾಡ್‌ಕಾಸ್ಟ್ ಮತ್ತು ಮುನ್ನೂರು ರೂಪಾಯಿ ಎಂದಷ್ಟೇ ಇತ್ತು. ಗುಮಾಸ್ತರು ನಕ್ಕು ಮುದ್ರೆ ಒತ್ತಿದರು.

ನಮ್ಮಲ್ಲಿ ಪ್ರತಿ ಮನೆಯ ಬಾಗಿಲ ಚೌಕಟ್ಟಿನಲ್ಲಿ ಮೈದೀಪ ಇರುತ್ತದೆ. ಬೆಳಿಗ್ಗೆ ಅದರ ಕೆಳಗೆ ಹಾದುಹೋದರೆ ಸಾಕು. ಹಸಿರು ಬೆಳಗಿದರೆ ತಿಂಡಿಗೆ, ಹಳದಿ ಬೆಳಗಿದರೆ ಮದ್ದಿನ ಮನೆಗೆ. ಯಾವ ಮೂಳೆ, ಯಾವ ನರ ಎಂಬುದನ್ನೂ ಅದೇ ಬರೆದುಕೊಡುತ್ತದೆ. ಬಹಳ ಒಳ್ಳೆಯ ದೀಪ, ನಮ್ಮಜ್ಜಿ ನೂರಾನಾಲ್ಕು ವರ್ಷ ಬದುಕಿದ್ದು ಅದರ ಪುಣ್ಯದಿಂದ. ಆದರೆ ದೀಪ ಬಂದು ಐದು ತಲೆಮಾರು ಕಳೆಯುವಷ್ಟರಲ್ಲಿ, ಎಲ್ಲಿ ನೋವು, ಹೇಗೆ ನೋವು ಎಂದು ಒಬ್ಬರನ್ನೊಬ್ಬರು ಕೇಳುವುದು ನಿಂತುಹೋಯಿತು. ಕೇಳುವವರಿಲ್ಲದ ಮೇಲೆ ಹೇಳುವ ಮಾತುಗಳೂ ಹೋದವು. ದೀಪಕ್ಕೆ ಕಾಣದ ನೋವು ಬಂದ ಮಕ್ಕಳು ಮೈ ಮುಟ್ಟಿ ತೋರಿಸಿ ಸುಮ್ಮನೆ ಅಳುತ್ತಿದ್ದರು. ಹಸಿರಿದೆಯಲ್ಲ ಎಂದು ಮದ್ದಿನ ಮನೆಯವರು ಅವರನ್ನು ವಾಪಸು ಕಳಿಸುತ್ತಿದ್ದರು.

ನಾನು ಹುಟ್ಟುವ ಮುಂಚೆ, ಹಳೆಯ ಗಿರಣಿಯೊಂದರ ಅಡಿಪಾಯ ಅಗೆಯುವಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಉಗುರಿನಷ್ಟು ಚಿಕ್ಕ ನಲವತ್ತೊಂದು ಮೆಮೊರಿ ಕಾರ್ಡುಗಳು, ಒಂದೊಂದೂ ಖಾರದ ಪುಡಿಯ ಖಾಲಿ ಪೊಟ್ಟಣದಲ್ಲಿ ಸುತ್ತಿಟ್ಟದ್ದು. ಅವು ನಿಮ್ಮ ಪಾಡ್‌ಕಾಸ್ಟಿನ ಕಂತುಗಳು. ನೀವು ಇಂಟರ್ನೆಟ್ಟಿಗೆ ಏರಿಸಿದ್ದರಲ್ಲಿ ಒಂದೂ ನಮ್ಮವರೆಗೆ ಬಂದಿಲ್ಲ. ನಿಮ್ಮ ಏಕೈಕ ಜಾಹೀರಾತುದಾರರು, ಖಾರ ಕುಟ್ಟುವ ಗಿರಣಿಯ ಗುರುಶಾಂತಪ್ಪನವರು, ತಮ್ಮ ಜಾಹೀರಾತು ನಿಜಕ್ಕೂ ಬರುತ್ತಿದೆಯೇ ಎಂದು ಪರೀಕ್ಷಿಸಲು ಪ್ರತಿ ವಾರ ಹಟ ಹಿಡಿದು ಇಸಿದುಕೊಂಡ ಪ್ರತಿಗಳಷ್ಟೇ ಉಳಿದಿವೆ. ಒಂಬತ್ತನೆಯ ಕಂತಿನಲ್ಲಿ ನೀವು ಸಿಟ್ಟಿನಿಂದ ಅಂದದ್ದು ನನಗೆ ಬಾಯಿಪಾಠವಾಗಿದೆ: “ನನ್ ಮ್ಯಾಲೆ ಇಷ್ಟೂ ನಂಬಿಕಿ ಇಲ್ಲೇನ್ರಿ ಇವ್ರಿಗೆ? ಕಾರ್ಡಿನ ಖರ್ಚು ಬ್ಯಾರೆ ನಂದ!” ದಯವಿಟ್ಟು ಆ ಸಿಟ್ಟು ಬಿಡಿ. ಅವರ ಅನುಮಾನದಿಂದಲೇ ನೀವು ನಮಗೆ ಸಿಕ್ಕಿರಿ.

ನಿಮ್ಮನ್ನು ಎಷ್ಟು ಹೊಗಳಿದರೂ ನನಗೆ ಸಮಾಧಾನವಿಲ್ಲ. ವಾರವಿಡೀ ಡಾಕ್ಟರ ಬಾಗಿಲಲ್ಲಿ ಕೂತು ಚೀಟಿ ಬರೆಯುವ ನೀವು, ಮಂದಿ ಹತ್ತು ಬಗೆಯಲ್ಲಿ ಹೇಳಿದ್ದೆಲ್ಲ ಚೀಟಿಯಲ್ಲಿ ಬರೀ ಕಾಲುನೋವು ಆಗುವುದನ್ನು ಕಂಡು ತಾಳಲಾರದೆ, ರವಿವಾರ ಅರ್ಧ ಡಜನ್ ಬಾಳೆಹಣ್ಣು, ಮೈಕು ಹಿಡಿದು ಅವರ ಮನೆಗೇ ಹೋದಿರಿ. “ಹೆಂಗ ನೋಯ್ತೈತಿ ಯವ್ವಾ?” ಎಂದು ಕೇಳಿ ಸುಮ್ಮನಾದಿರಿ. ಆ ಸುಮ್ಮನಿರುವುದಿದೆಯಲ್ಲ, ಅದನ್ನೇ ನಾನು ಮಕ್ಕಳಿಗೆ ಮೊದಲ ಪಾಠವಾಗಿ ಕೇಳಿಸುತ್ತೇನೆ. ಬೀಜದ ಹೊಲದಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸಿ ಮುಟ್ಟಿಸಿ ಬೆರಳು ಸವೆದ ಹೆಣ್ಣುಮಗಳು “ಬೆರಳ ತುದಿ ಜುಮುಜುಮು ಅಂತಾವ, ಇರಬಿ ಹರದಾಡಿದಂಗ” ಎನ್ನುತ್ತಾಳೆ. ಹಮಾಲ ಫಕ್ಕೀರಪ್ಪ “ಬೆನ್ನಾಗ ಯಾರೋ ಹಸಿ ಅರಿವಿ ಹಿಂಡಿದಂಗ ಆಕ್ಕೈತಿ” ಎನ್ನುತ್ತಾನೆ. ಅಷ್ಟರಲ್ಲಿ ನೀವು ನಾಚಿಕೆಯಿಂದ ದನಿ ತಗ್ಗಿಸಿ, ಓಡುವವರಂತೆ ಖಾರದ ಪುಡಿಯ ಜಾಹೀರಾತು ಓದಿ ಮುಗಿಸುತ್ತೀರಿ. ಕಳೆದ ವರ್ಷ ನನ್ನ ತರಗತಿಯ ಹುಡುಗಿಯೊಬ್ಬಳು ಮದ್ದಿನ ಮನೆಯಲ್ಲಿ ನಿಂತು, ಮೂರು ಶತಮಾನದ ಹಿಂದಿನ ನಿಮ್ಮೂರ ಮಾತಿನಲ್ಲಿ, ಹೊಟ್ಟೆಯಲ್ಲಿ ಅರಿವಿ ಹಿಂಡಿದಂಗ ಎಂದಳು. ಅವರು ದೀಪದ ಮಾತು ಬದಿಗಿಟ್ಟು ಹೊಟ್ಟೆ ಮುಟ್ಟಿ ನೋಡಿದರು. ಅವಳು ಬದುಕಿದಳು.

ಇನ್ನು ನಲವತ್ತೊಂದನೆಯ ಕಂತಿನ ವಿಷಯ. ಅದನ್ನು ನೀವು ಮೊನ್ನೆಯಷ್ಟೇ ಮುಗಿಸಿದ್ದೀರಿ. ಅದರ ಕೊನೆಯಲ್ಲಿ ಹೇಳುತ್ತೀರಿ, ಆಟೋ, ಹಣ್ಣು, ಕಾರ್ಡು, ಇಂಟರ್ನೆಟ್ಟಿನ ಬಾಡಿಗೆ ಎಲ್ಲ ಸೇರಿ ತಿಂಗಳಿಗೆ ಒಂಬೈನೂರು, ಗಿರಣಿಯಿಂದ ಬರುವುದು ಆರುನೂರು ಎಂದು. “ಲಾಭ ಬ್ಯಾಡ ನನಗ. ಅದರ ಖರ್ಚು ಅದ ಹೊರಟ್ರ ಸಾಕು. ರವಿವಾರದೊಳಗ ಆಗ್ಲಿಲ್ಲಂದ್ರ ಮೈಕ್ ಮಾರತೀನಿ. ಆದ್ರ ಮಾತ್ರ ಅಕ್ಕಿಪ್ಯಾಟಿ ದೇವಕ್ಕನ ಮನಿಗೆ ಹೋಗೂಣು. ಆಕಿಗೆ ನಕ್ಕಾಗ ಅಷ್ಟ ನೋಯ್ತೈತಂತ.” ಅಲ್ಲಿಗೆ ಡಬ್ಬಿ ಮುಗಿಯುತ್ತದೆ.

ನನ್ನ ಮಗಳು ನವಿರಿಗೆ ಒಂಬತ್ತು ವರ್ಷ. ಅವಳಿಗೂ ನಕ್ಕಾಗ ಮಾತ್ರ ನೋವು. ದೀಪ ದಿನವೂ ಹಸಿರು. ನಲವತ್ತೊಂದು ಕಂತುಗಳಲ್ಲಿ ಅವಳಿಗೆ ಹೊಂದುವ ಒಂದು ಮಾತಿಗಾಗಿ ಹುಡುಕಿ ಹುಡುಕಿ ಸೋತಿದ್ದೇವೆ. ಏಳು ತಿಂಗಳಿಂದ ಅವಳು ನಗುವುದನ್ನೇ ಬಿಟ್ಟಿದ್ದಾಳೆ. ಊಟಕ್ಕೆ ಕೂತಾಗ ಅವಳಪ್ಪ ಮರೆತು ಏನಾದರೂ ತಮಾಷೆ ಮಾಡಿದರೆ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಾಳೆ. ಇದನ್ನು ನೋಡಿಕೊಂಡಿರುವುದು ನನ್ನಿಂದ ಆಗುತ್ತಿಲ್ಲ.

ನಮ್ಮ ನಾಣ್ಯ ನಿಮ್ಮಲ್ಲಿ ನಡೆಯುವುದಿಲ್ಲ, ಹಾಗಾಗಿ ಹಣ ಕಳಿಸಲಾರೆ. ಆದರೆ ನಿಮಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆ. ಗುರುಶಾಂತಪ್ಪನವರು ಪ್ರತಿ ಕಾರ್ಡನ್ನೂ ಕೇಳಿ, ಕೊನೆಗೆ ತಮ್ಮ ನೆನಪಿಗೆಂದು ತಮ್ಮ ದನಿಯನ್ನೂ ಸೇರಿಸಿದ್ದಾರೆ. ಮೂರನೆಯದರಲ್ಲಿ, “ನಮ್ಮ ಹೆಸರು ಎರಡು ಸಲ ಬಂದೈತಿ. ಬರೋಬ್ಬರಿ.” ಇಪ್ಪತ್ತನೆಯದರಲ್ಲಿ, “ಈ ಸಲ ಹೆಸರು ಬಂತೋ ಇಲ್ಲೋ ಲಕ್ಷ್ಯ ಇಡ್ಲಿಲ್ಲ. ಫಕ್ಕೀರಪ್ಪನ ಮಾತಿಗೆ ಅಳು ಬಂತು.” ನಲವತ್ತೊಂದನೆಯದರಲ್ಲಿ, “ಮುನ್ನೂರು ಕಮ್ಮಿ ಬೀಳ್ತಾವಂತ. ಕೇಳಿದ್ರ ಕೊಡಾಂವ ಅದೀನಿ. ನಾನಾಗೇ ಕೊಡಾಕ ಹೋದ್ರ ಸಿಟ್ಟಿಗೇಳ್ತಾಳ, ಸ್ವಾಭಿಮಾನದ ಹೆಣಮಗಳು. ಒಂದ್ ಮಾತು ಆಕೀನ ಕೇಳ್ಲಿ.”

ಕೇಳಿ, ಶಿವಲೀಲಾ ಅವರೇ. ನೋವು ಹೇಳಿಕೊಳ್ಳಲು ಇಡೀ ಊರಿಗೆ ಧೈರ್ಯ ಕೊಟ್ಟವರು ನೀವು, ಒಮ್ಮೆ ನೀವೂ ಬಾಯಿ ಬಿಡಿ. ನಾಳೆಯೇ ಗಿರಣಿಗೆ ಹೋಗಿ ಮುನ್ನೂರು ಹೆಚ್ಚಿಗೆ ಬೇಕೆಂದು ಹೇಳಿ. ರವಿವಾರ ಹಣ್ಣು ಹಿಡಿದು ದೇವಕ್ಕನ ಮನೆಗೆ ಹೋಗಿ. ಅವಳು ಹೇಳಿದ್ದನ್ನು, ಖಾರದ ಪುಡಿಯ ಜಾಹೀರಾತು ಸಮೇತ, ಕಾರ್ಡಿಗೆ ಹಾಕಿ ಆ ಮನುಷ್ಯನ ಕೈಗೆ ಕೊಡಿ. ಮುಂದೆ ಖರ್ಚು ಪೂರ್ತಿ ಹುಟ್ಟಿ ನಿಮಗೆ ಯಾರ ಹಂಗೂ ಇಲ್ಲವಾದರೂ ಆ ಪ್ರತಿ ಕೊಡುವುದನ್ನು ನಿಲ್ಲಿಸಬೇಡಿ.

ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ಇನ್ನೂ ಬಹಳ ಜಾಗವಿದೆ ಅದರಲ್ಲಿ. ಈ ಕಾಗದವನ್ನು ಅಂಚೆಗೆ ಹಾಕಿ ಬಂದ ಕೂಡಲೇ ಮುಚ್ಚಳ ತೆಗೆಯುತ್ತೇನೆ. ಕಾರ್ಡುಗಳನ್ನು ತಾನೇ ಮೊದಲು ಎಣಿಸಬೇಕೆಂದು ನವಿರು ಆಗಲೇ ಸ್ಟೂಲು ಎಳೆದುಕೊಂಡು ಕೂತಿದ್ದಾಳೆ.

ನಿಮ್ಮ ವಿದ್ಯಾರ್ಥಿನಿ,
ಮೇದಿನಿ